ಎಂಟು ಗ್ರಾಮಿನ ಗಲಾಟೆ

"ಎಂಟು ಗ್ರಾಂ ಉಳಿಸಿದೆ ಕಣ್ರೋ!"

ಬಾಗಿಲು ತೆಗೆದ ಸೀನನ ಬಾಯಿಂದ ಬಂದ ಮೊದಲ ಮಾತು ಇದು. ಒಳಗೆ ಬನ್ನಿ, ಕೂತ್ಕೊಳ್ಳಿ, ಊಹೂಂ, ಏನೂ ಇಲ್ಲ.

"ಶಹಬ್ಬಾಸ್! ಇನ್ನೊಂದು ಇಪ್ಪತ್ತು ಕೆಜಿ ಇಳಿಸಿಬಿಟ್ಟರೆ ಆಯ್ತು," ಅಂದ ನಾಣಿ, ಸೀನನ ಹೊಟ್ಟೆಯನ್ನೇ ನೋಡುತ್ತಾ.

"ನನ್ನದಲ್ಲಪ್ಪ, ವಿಮಾನದ್ದು!"

ಊಟದ ಮೇಜಿನ ಮೇಲೆ ರಿಮೋಟಿನಿಂದ ಹಾರಿಸುವ ವಿಮಾನ ಮಲಗಿತ್ತು. ಒಂದು ಮೀಟರ್ ರೆಕ್ಕೆ, ಉದ್ದನೆ ಡಬ್ಬಿಯಂಥ ಮೈ, ಎಲ್ಲವೂ 5 ಮಿಲಿಮೀಟರ್ ದಪ್ಪದ ಫೋಮ್‌ಬೋರ್ಡಿನದೇ. ಎರಡು ಕಾಗದದ ಮಧ್ಯೆ ಫೋಮ್ ಇರುತ್ತಲ್ಲ, ಮಕ್ಕಳು ಶಾಲೆಯ ಪ್ರಾಜೆಕ್ಟಿಗೆ ಬಳಸುವುದು, ಅದು. ಪಕ್ಕದಲ್ಲಿ ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ. ಅದರ ಮೇಲೆ ಹೊಸ ರೆಕ್ಕೆಯ ಒಳಮೈಯಿಂದ ಸುಲಿದ ಕಾಗದ, ಸುರುಳಿ ಸುತ್ತಿಕೊಂಡು ಕೂತಿತ್ತು. 8.1 ಅಂತ ತೋರಿಸುತ್ತಿತ್ತು ತಕ್ಕಡಿ.

ರಾಯರು ಕನ್ನಡಕ ಏರಿಸಿ ನೋಡಿದರು. "ಅಲ್ಲಪ್ಪಾ, ಒಳಗಡೆ ಕಾಗದ ಸುಲಿಯದೆ ಫೋಮ್ ಬಾಗುವುದೇ ಇಲ್ಲ, ಲಟಕ್ ಅಂತ ಮುರಿಯುತ್ತೆ. ಹೇಗೂ ಸುಲಿಯಲೇಬೇಕಾದ್ದು. ಇದು ಉಳಿತಾಯ ಹೇಗಾಯ್ತು?"

"ರಾಯರೇ, ನೀವು ಸುಮ್ನಿರಿ. ಈಗ ಎಲ್ಲ ಕಡೆ ಇದೇ ಹುಚ್ಚು," ಅಂದ ನಾಣಿ. "ವಿಮಾನ ಹಾರಿತಾ ಅಂತ ಒಬ್ಬನೂ ಕೇಳುವುದಿಲ್ಲ. ಎಷ್ಟು ಗ್ರಾಂ ಬಂತು ಅಂತ ಕೇಳ್ತಾರೆ. ಸ್ಕ್ರೂ ತುದಿ ಕತ್ತರಿಸ್ತಾರೆ, ವೈರು ಮೊಟಕು ಮಾಡ್ತಾರೆ, ರೆಕ್ಕೆ-ಬಾಲದ ಪಟ್ಟಿ ಅಲ್ಲಾಡಿಸುವ ಪುಟ್ಟ ಮೋಟರು ಇರುತ್ತಲ್ಲ, ಆ ಸರ್ವೋ ಮೇಲಿನ ಸ್ಟಿಕರ್ ಕೀಳ್ತಾರೆ. ಇನ್ನು ಸ್ವಲ್ಪ ದಿನ ಹೋದರೆ ಬ್ಯಾಟರಿಯಿಂದ ಕರೆಂಟು ತೆಗೆದು ತೂಕ ನೋಡ್ತಾರೆ."

"ಹಗುರವಾಗಿದ್ದಷ್ಟೂ ಚೆನ್ನಾಗಿ ಹಾರುತ್ತೆ ಕಣೋ."

"ಸರಿ, ಗ್ಲೂ ಗನ್ನಿಗೆ ಎಷ್ಟು ಕಡ್ಡಿ ಹಾಕಿದೆ?"

ಸೀನ ಮಾತು ನುಂಗಿದ. "ನಾಲ್ಕು… ಐದಿರಬಹುದು."

ನಾಣಿ ಡ್ರಾಯರಿನಿಂದ ಒಂದು ದಪ್ಪ ಗ್ಲೂ ಕಡ್ಡಿ ತೆಗೆದು ತಕ್ಕಡಿ ಮೇಲಿಟ್ಟ. ಹದಿನೆಂಟು ಗ್ರಾಂ ಚಿಲ್ಲರೆ. "ಒಂದು ಸರ್ವೋ 9 ಗ್ರಾಂ. ಅಂದರೆ ಕಡ್ಡಿ ಒಂದಕ್ಕೆ ಎರಡು ಸರ್ವೋ. ನಿನ್ನ ವಿಮಾನದಲ್ಲಿ ಕಣ್ಣಿಗೆ ಕಾಣುವ ಸರ್ವೋ ನಾಲ್ಕು, ಕಾಣದ ಸರ್ವೋ ಹತ್ತು!"

ಪಮ್ಮಿ ಕಿಸಕ್ಕನೆ ನಕ್ಕಳು. ವಿಮಾನದ ಬಾಲದಿಂದ ಮೇಜಿನವರೆಗೆ ಜೇಡರ ಬಲೆಯ ಹಾಗೆ ಗ್ಲೂ ಎಳೆಗಳು ಜೋತಾಡುತ್ತಿದ್ದವು. ಸೀನ ಅವನ್ನು ಬೆರಳಿಗೆ ಸುತ್ತಿ ಸುತ್ತಿ ಕಿತ್ತು, ಅದನ್ನೂ ತಕ್ಕಡಿಗೆ ಹಾಕಿದ. ತಕ್ಕಡಿ ಅಲುಗಲಿಲ್ಲ.

"ಮತ್ತೆ ಮೂಗಿನಲ್ಲಿ ಇದೇನು?" ಅಂತ ನಾಣಿ ಮೋಟರಿನ ಹಿಂದೆ ಬೆರಳು ತೂರಿಸಿದ. ಟೇಪು ಸುತ್ತಿದ ಕಬ್ಬಿಣದ ನಟ್ಟುಗಳು ಕೈಗೆ ಸಿಕ್ಕವು.

"ಅದು ಬ್ಯಾಲೆನ್ಸಿಗೆ. ಚಿಕ್ಕ ಮೋಟರ್ ಹಾಕಿ 14 ಗ್ರಾಂ ಉಳಿಸಿದ್ದೆನಲ್ಲ, ಮೂಗು ಹಗುರವಾಯ್ತು. ಅದಕ್ಕೆ…"

"ಅದಕ್ಕೆ?"

"41 ಗ್ರಾಂ ನಟ್ಟು."

"14ಕ್ಕೆ 41! ಅಂಕಿಯನ್ನೇ ತಿರುಗಿಸಿಬಿಟ್ಟೆಯಲ್ಲೋ! ಬಡ್ಡಿಗೆ ಕೊಟ್ಟವನೂ ಇಷ್ಟು ವಸೂಲಿ ಮಾಡುವುದಿಲ್ಲ."

ರಾಯರಿಗೆ ಪಾಠ ಮಾಡುವ ಹುಮ್ಮಸ್ಸು ಬಂತು. ವಿಮಾನ ಎತ್ತಿ, ರೆಕ್ಕೆಯ ಅಡಿಯಲ್ಲಿ ಪೆನ್ನಿನ ಗುರುತಿದ್ದ ಕಡೆ ಎರಡು ಬೆರಳು ಕೊಟ್ಟು ನಿಲ್ಲಿಸಿದರು. ರೆಕ್ಕೆ ಅಗಲ 18 ಸೆಂಟಿಮೀಟರ್, ಗುರುತು ಮುಂಚೂಣಿಯಿಂದ 5 ಸೆಂಟಿಮೀಟರಿನಲ್ಲಿ. ತೂಕ ಸಮವಾಗಿ ನಿಲ್ಲುವ ಜಾಗ ಆ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದ ನಡುವೆ ಎಲ್ಲೋ ಇದ್ದರೆ ವಿಮಾನ ಮಾತು ಕೇಳುತ್ತೆ ಅಂದರು. "ನೋಡು, ಇಲ್ಲಿಂದ ಮೂಗಿಗಿಂತ ಬಾಲ ಮೂರು ಪಟ್ಟು ದೂರ. ಬಾಲದಲ್ಲಿ ಒಂದು ಗ್ರಾಂ ಇಟ್ಟರೆ ಮೂಗಿನಲ್ಲಿ ಮೂರು ಗ್ರಾಂ ಇಡಬೇಕು. ಬಾಲದಲ್ಲಿ ನೀನು ಅರ್ಧ ಕಡ್ಡಿ ಗ್ಲೂ ಸುರಿದಿದ್ದೀಯ, 9 ಗ್ರಾಂ. ಮೂರರಿಂದ ಗುಣಿಸು, 27. ಮೋಟರಿನ 14 ಸೇರಿಸು."

"41!" ಅಂದಳು ಪಮ್ಮಿ.

"ಇನ್ನು ಆ ಎಂಟು ಗ್ರಾಂ. ಆರುನೂರು ಚಿಲ್ಲರೆ ಗ್ರಾಂ ವಿಮಾನಕ್ಕೆ ಅದು ಶೇಕಡ ಒಂದೂಕಾಲು. ಬೀಳದೆ ಹಾರುವುದಕ್ಕೆ ಬೇಕಾದ ಕನಿಷ್ಠ ವೇಗ ತೂಕದ ವರ್ಗಮೂಲದ ಲೆಕ್ಕದಲ್ಲಿ ಬದಲಾಗುತ್ತೆ. ಅಂದರೆ ಅದರಲ್ಲೂ ಅರ್ಧ."

"ಅಂದರೆ ನಿನ್ನ ತ್ಯಾಗ ಗಾಳಿಗೆ ಗೊತ್ತೇ ಆಗುವುದಿಲ್ಲ," ಅಂತ ನಾಣಿ ತರ್ಜುಮೆ ಮಾಡಿದ. "ಎಷ್ಟು ತೂಕ ಅನ್ನುವುದಕ್ಕಿಂತ ಎಲ್ಲಿ ತೂಕ ಅನ್ನುವುದು ಮುಖ್ಯ. ನಿನ್ನ ಹೊಟ್ಟೆ ವಿಚಾರವೂ ಅಷ್ಟೇ."

ಸೀನನಿಗೆ ಸಿಟ್ಟು ಬಂತು. "ಏನೇ ಹೇಳು, ಇದು ಸ್ಕ್ರ್ಯಾಚ್ ಬಿಲ್ಡ್, ಮೊದಲಿನಿಂದ ನಾನೇ ಕಟ್ಟಿದ್ದು. ಡಬ್ಬ ಬಿಚ್ಚಿ ಹಾರಿಸುವವರ ಥರ ಅಲ್ಲ ನಾನು."

"ಪ್ಲಾನು ಡೌನ್‌ಲೋಡ್ ಮಾಡಿದ್ದು. ಮೋಟರು, ರಿಮೋಟು, ಬ್ಯಾಟರಿ ಕೊಂಡದ್ದು. ಸ್ಕ್ರ್ಯಾಚ್ ಎಲ್ಲಿ ಬಂತು?"

"ಮೇಜಿನ ಮೇಲೆ ಬಂದಿದೆ ಮಾಮ," ಅಂದಳು ಪಮ್ಮಿ. "ಬ್ಲೇಡು ಫೋಮ್ ದಾಟಿ ಮರಕ್ಕೂ ಹೋಗಿದೆ. ಚಿಕ್ಕಮ್ಮ ಇನ್ನೂ ನೋಡಿಲ್ಲ."

ಸೀನ ಮೆಲ್ಲಗೆ ಒಂದು ಪೇಪರು ಎಳೆದು ಗೀರಿನ ಮೇಲೆ ಮುಚ್ಚಿದ.

"ರೈಟ್ ಸಹೋದರರು ಎಂಜಿನ್ ಕೂಡ ತಮ್ಮ ಅಂಗಡಿಯಲ್ಲೇ ಮಾಡಿಸಿಕೊಂಡಿದ್ದರು," ಅಂದರು ರಾಯರು, ಯಾರೂ ಕೇಳದಿದ್ದರೂ. "ಆಮೇಲೆ ಎರಡನೇ ವಿಮಾನ ಮೇಲೆ ಕೆಳಗೆ ಕುಣಿಯೋದು ಜಾಸ್ತಿಯಾಗಿ, ಅದರ ಮುಂಭಾಗಕ್ಕೆ ಕಬ್ಬಿಣ ಕಟ್ಟಿದರು."

"ಕೇಳಿದೆಯಾ?" ಸೀನ ಎದೆ ಉಬ್ಬಿಸಿದ. "ಅವರೂ ಕಬ್ಬಿಣ ಕಟ್ಟಿದ್ದರು!"

"ಹೌದಪ್ಪ, ಒಂದೇ ವಂಶ. 1903ರಲ್ಲಿ ಅವರು ಮೊದಲ ಸಲ ಹಾರಿದ್ದು 12 ಸೆಕೆಂಡು. ನೀನು ಮೊದಲ ಸಲ ಎಷ್ಟು?"

"ಹನ್ನೊಂದು."

"ಅವರಿಗಿಂತ ಒಂದೇ ಸೆಕೆಂಡು ಹಿಂದೆ. ಒಂದು ಸೆಕೆಂಡು, ಮತ್ತೆ ನೂರಿಪ್ಪತ್ತು ವರ್ಷ."

ಆ ಹನ್ನೊಂದು ಸೆಕೆಂಡಿನ ಕಥೆ ಎಲ್ಲರಿಗೂ ಗೊತ್ತಿತ್ತು, ಆದರೂ ಪಮ್ಮಿ ಇನ್ನೊಮ್ಮೆ ಹೇಳಿದಳು. ರೆಕ್ಕೆಯ ಹಿಂಬದಿಯಲ್ಲಿ ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ಪಟ್ಟಿ ಇರುತ್ತಲ್ಲ, ಏಲೆರಾನ್, ಅದನ್ನು ಚಿಕ್ಕಪ್ಪ ಉಲ್ಟಾ ಕೂರಿಸಿದ್ದರು. ರಿಮೋಟಿನ ಸ್ಟಿಕ್ ಬಲಕ್ಕೆ ತಳ್ಳಿದರೆ ಬಲಗಡೆಯದು ಮೇಲೇಳಬೇಕು, ಇದು ಕೆಳಗೆ ಹೋಗುತ್ತಿತ್ತು. ವಿಮಾನ ಎಡಕ್ಕೆ ವಾಲಿತು, ಚಿಕ್ಕಪ್ಪ ಬಲಕ್ಕೆ ತಳ್ಳಿದರು, ಅದು ಇನ್ನೂ ಎಡಕ್ಕೆ ವಾಲಿತು, ಚಿಕ್ಕಪ್ಪ ಇನ್ನೂ ಬಲಕ್ಕೆ… ಕೊನೆಗೆ ಚಿಕ್ಕಪ್ಪನೇ ಪೂರ್ತಿ ಬಲಕ್ಕೆ ಬಾಗಿ ನಿಂತಿದ್ದರು, ವಿಮಾನ ನೆಲದಲ್ಲಿತ್ತು. ಎಸೆಯುವ ಮುಂಚೆ ಒಂದು ಸಲ ಸ್ಟಿಕ್ ಅಲ್ಲಾಡಿಸಿ ನೋಡಿದ್ದರೆ ಸಾಕಿತ್ತು.

"ನಮ್ಮ ಕಡೆ ಬರುವಾಗ ಇನ್ನೊಂದು ಫಜೀತಿ," ಅಂದ ಸೀನ. "ಅದರ ಎಡ ನಮ್ಮ ಬಲ."

"ಯಾವ ರೆಕ್ಕೆ ಬಗ್ಗುತ್ತೋ ಸ್ಟಿಕ್ ಆ ಕಡೆಗೇ ತಳ್ಳು ಚಿಕ್ಕಪ್ಪ, ಕೆಳಗಿನಿಂದ ಆತು ಹಿಡಿದ ಹಾಗೆ. ಎಷ್ಟು ಸಲ ಹೇಳಿಲ್ಲ?"

ನಾಣಿ ಅಷ್ಟರಲ್ಲಿ ಮೇಜಿನ ಮೂಲೆಯಲ್ಲಿದ್ದ ನೋಟ್‌ಬುಕ್ ತೆಗೆದಿದ್ದ. ಸೀನನ ತೂಕದ ಲೆಕ್ಕದ ಪುಸ್ತಕ. ತಮಾಷೆಗೆ ಅಂತಲೇ ಗಟ್ಟಿಯಾಗಿ ಓದತೊಡಗಿದ.

"612 ಗ್ರಾಂ. 11 ಸೆಕೆಂಡ್. ಏಲೆರಾನ್ ಉಲ್ಟಾ. ಆಹಾ! 634. ಮೂಗು ಅಂಟಿಸಿದೆ. 2 ನಿಮಿಷ. ಮರ. 659. ರೆಕ್ಕೆಗೆ ಕಡ್ಡಿ ಕಟ್ಟಿದೆ. ನನ್ನ ಕಡೆ ಬರುವಾಗ ಗೊಂದಲ. 641. ಇದೇನೋ, ಇಳಿದಿದೆಯಲ್ಲ?"

"ಚಕ್ರ ಪೊದೆಯಲ್ಲಿ ಕಳೆದುಹೋಯ್ತು."

"ಓಹೋ, ಡಯಟ್ಟು. ಆಮೇಲೆ ಗ್ಲೂ, ಟೇಪು, ನಟ್ಟು… 688. 6 ನಿಮಿಷ."

ಅಲ್ಲಿಗೆ ನಾಣಿ ನಿಲ್ಲಿಸಿದ. ಮುಂದೆ ಒಂದೇ ಪದ ಇತ್ತು, ನಾನೂ ಬಗ್ಗಿ ನೋಡಿದೆ. "ಇಳಿಯಿತು." ಬಿದ್ದಿತು ಅಂತ ಅಲ್ಲ. ಕೆಳಗೆ ಗೆರೆ ಇಲ್ಲ, ಏನಿಲ್ಲ.

"ಲೋ ಸೀನ, ಎಲ್ಲಕ್ಕಿಂತ ಭಾರ ಇದ್ದಾಗಲೇ ಚೆನ್ನಾಗಿ ಹಾರಿದೆಯಲ್ಲೋ."

"ಹೂಂ."

"ಮತ್ತೆ ಯಾಕೆ ಸುಲಿಯುತ್ತಾ ಕೂತಿದ್ದೀಯ?"

ಸೀನ ಮೂಗಿನ ಮೇಲಿದ್ದ ಹಳೆಯ ಗ್ಲೂ ಗಂಟನ್ನು ಉಗುರಿನಿಂದ ಕೆರೆಯುತ್ತಿದ್ದ. "ಮೊದಲ ದಿನ ಹೇಗಿತ್ತು ಗೊತ್ತಾ? ಒಂದೂ ಕಲೆ ಇರಲಿಲ್ಲ. ಬಿಳೀ ಹಾಳೆ ಥರ. ಆ 612ಕ್ಕೆ ಮತ್ತೆ ತರಬೇಕು ಅಂತ."

ನಾಣಿಗೆ ತಕ್ಷಣ ಉತ್ತರ ಸಿಗಲಿಲ್ಲ. ಇದು ಅಪರೂಪ.

"ನಾವು ಗಣಿತದ ನೋಟ್‌ಬುಕ್ಕಿನ ನಡುಹಾಳೆ ಕೀಳುತ್ತಿದ್ದೆವು," ಅಂದರು ರಾಯರು ನಿಧಾನವಾಗಿ. "ನಡುಹಾಳೆಯೇ ಆಗಬೇಕು, ಇಲ್ಲದಿದ್ದರೆ ಇನ್ನೊಂದು ಕಡೆ ಹಾಳೆ ಸಡಿಲವಾಗಿ ಸಿಕ್ಕಿಬೀಳ್ತೀವಿ. ಒಂದು ಸಲ ಕಿಟಕಿಯಿಂದ ಬಿಟ್ಟದ್ದು ಹೋಗ್ತಾ ಹೋಗ್ತಾ ಕಾಣದೇ ಹೋಯ್ತು. ಎಲ್ಲಿ ಬಿತ್ತೋ."

"ಒಂದು ಎ4 ಹಾಳೆ ಸುಮಾರು 5 ಗ್ರಾಂ ತೂಗುತ್ತೆ," ಅಂದಳು ಪಮ್ಮಿ.

"ನಾವು ತೂಗಲಿಲ್ಲಮ್ಮ."

ನಾಣಿ ತಕ್ಕಡಿ ಮೇಲಿದ್ದ ಸುಲಿದ ಕಾಗದ ತೆಗೆದ. ಸುರುಳಿ ಬಿಡಿಸಿ, ಫೋಮಿನ ಪುಡಿ ಉಜ್ಜಿ, ಚೌಕ ಹರಿದು ಮಡಿಸತೊಡಗಿದ. ಮೊದಲು ಉದ್ದಕ್ಕೆ, ಆಮೇಲೆ ಎರಡು ಮೂಲೆ, ಆಮೇಲೆ ಮತ್ತೆ ಎರಡು. ಕೈಗೆ ಇನ್ನೂ ನೆನಪಿತ್ತು. ಮಡಿಕೆಯ ಮೇಲೆ ಉಗುರು ಎಳೆದು ಚೂಪು ಮಾಡಿ ಎಸೆದ.

ಅದು ಮೂಗು ಎತ್ತಿ, ಒಂದು ಕ್ಷಣ ಗಾಳಿಯಲ್ಲಿ ನಿಂತು, ಬಾಲ ಮುಂದಾಗಿ ಸೀನನ ಕಾಲ ಬಳಿ ಬಿತ್ತು.

"ಬಾಲ ಭಾರ," ಅಂದರು ರಾಯರು.

ಸೀನ ಅದನ್ನು ಎತ್ತಿಕೊಂಡ. ಡ್ರಾಯರು ತಡಕಿ ಒಂದು ಪೇಪರ್ ಕ್ಲಿಪ್ ತೆಗೆದು ಮೂಗಿಗೆ ಸಿಕ್ಕಿಸಿದ. ಅಭ್ಯಾಸಬಲ, ಕೈ ತಕ್ಕಡಿ ಕಡೆ ಹೋಯಿತು.

"ತೂಗಿದರೆ ಕೈ ಮುರೀತೀನಿ," ಅಂದ ನಾಣಿ. "ಬಿಡೋ ಸುಮ್ನೆ."