24ಕ್ಕ ಬ್ಯಾಡ, 20ಕ್ಕ ಬಾ

ಹಲೋ, ತಂಗೀ, ಕೇಳಸ್ಲತ್ತದಿಲ್ಲೋ? ಹಸಿ ತೊಗರಿಕಾಯಿ ಸುಲ್ಕೋತ ಕುಂತೀನಿ, ಕೈ ಎಲ್ಲಾ ಅಂಟ ಆಗ್ಯದ, ಟೈಪ್ ಮಾಡ್ಲಿಕ್ ಬರಂಗಿಲ್ಲ. ಅದಕ ನಮ್ಮ ಮನಿ ಮಂದಿ ಗುಂಪಿನಾಗ ಬಾಯಿಲೇ ಹೇಳ್ತೀನಿ. ಉದ್ದ ಆಗ್ತದ ಮತ್ತ, ಪಾತ್ರಿ ತೊಳಕೋತ ಕೇಳು. ಕಾಕಾ, ನೀವೂ ಕೇಳ್ರಿ, ನಿಮಗೂ ಒಂದು ಮಾತು ಅದ ಇದರಾಗ.

ನಿನ್ನಿ ರಾತ್ರಿ ನೀ ಹಾಕಿದ್ದು ಮುಂಜಾನಿ ಕೇಳ್ದೆ. ಕ್ರಿಸ್ಮಸ್ಸಿಗಿ ಡಿಸೆಂಬರ್ 23ರ ರಾತ್ರಿ ಬೆಂಗಳೂರಾಗ ಗಾಡಿ ಹತ್ತಿ 24ಕ್ಕ ಬೀದರಿಗಿ ಇಳಿತೀವಿ, 26ಕ್ಕ ಹೊಳ್ಳಿ ಹೋಗ್ತೀವಿ, ಮಕ್ಕಳಿಗಿ ಬೀದರಿನ ಥಂಡಿ ತಡಕೊಳ್ಳಿಕ್ ಆಗಂಗಿಲ್ಲ, ಹೋದ ವರ್ಷ ಮಧ್ಯರಾತ್ರಿ ಚರ್ಚಿನಾಗ ಸಣ್ಣಾಕಿ ಚೀರಿದ್ದು ಇನ್ನಾ ಕಿವ್ಯಾಗ ಅದ ಅಂದಿ. ಅದರ ಕೆಳಗ ಕಾಕಾ ಬರದಾರ, ನಮ್ಮ ಕಾಲದಾಗ ಎಲ್ಲಾ ಕೂಸುಗೋಳು ಮಧ್ಯರಾತ್ರಿ ಆರಾಧನಾಕ್ಕ ಎಚ್ಚರ ಇರ್ತಿದ್ವು ಅಂತ. ಕಾಕಾ, ಸಿಟ್ಟಾಗಬ್ಯಾಡ್ರಿ, ಎಚ್ಚರ ಇರ್ತಿದ್ದಿಲ್ಲರಿ. ಜಮಖಾನಿ ಮ್ಯಾಲ ಅವ್ವನ ಸೆರಗಿನಾಗ ಮಲಗ್ತಿದ್ವಿ. ಕೊನಿ ಹಾಡಿಗಿ ಹಾರ್ಮೋನಿಯಂ, ಢೋಲಕ್ ಜೋರಾದಾಗ ಎದ್ದು ಕೇಕ್ ತಿಂದು ಹೊಳ್ಳಿ ಮಲಗ್ತಿದ್ವಿ. ನನಗ ಗೊತ್ತದ, ಆ ಜಮಖಾನಿ ಮ್ಯಾಲ ನಾನೇ ಇದ್ದೆ.

ಈಗ ತಂಗೀ ನಿನ್ನ ಮಾತಿಗಿ ಬರ್ತೀನಿ. ನೀ 24ಕ್ಕ ಬಂದ್ರ ಮಕ್ಕಳಿಗಿ ಸಿಗೋದು ಏನು ಹೇಳು? ರಾತ್ರಿ ಪೂರ್ತಿ ಗಾಡ್ಯಾಗಿನ ನಿದ್ದಿಗೇಡು, ಇಳದ ಕೂಡ್ಲೇ ಹೊಸ ಅರಬಿ, ಮಂದಿ, ಮುದ್ದು, ಗದ್ಲ, ಲೈಟು, ಮಧ್ಯರಾತ್ರಿ ಚರ್ಚು. ಮರದಿನ ಬಿರ್ಯಾನಿ, ಅದರ ಮರದಿನ ಹೊಳ್ಳಿ ಚೀಲ ಕಟ್ಟೋದು. ಚೀರದೇ ಏನ್ ಮಾಡ್ತದ ಕೂಸು? ನಾನಾದ್ರೂ ಚೀರ್ತಿದ್ದೆ. ನಾ ಅನ್ನೋದು, ಸಣ್ಣ ಮಕ್ಕಳ ಕ್ರಿಸ್ಮಸ್ 24ಕ್ಕ ಸುರು ಆಗಂಗಿಲ್ಲ, 24ಕ್ಕ ಮುಗಿತದ. ಅವರ ಹಬ್ಬ ಎಲ್ಲಾ ಮುಂಚಿನ ನಾಕ್ ದಿನದ ಗಡಿಬಿಡ್ಯಾಗೇ ಇರ್ತದ. ಚರ್ಚಿನಾಗೂ ಹಬ್ಬದ ಮುಂದ 4 ಐತಾರ ಅಡ್ವೆಂಟ್ ಅಂತ ಇಟ್ಟಾರಲ್ಲ, ಬರೋವರ ಹಾದಿ ಕಾಯೋ ಐತಾರ. ನಿನ್ನ ಮಕ್ಕಳಿಗಿ ಆ ಹಾದಿ ಕಾಯೋದೇ ಇಲ್ಲದಂಗ ಮಾಡ್ಲತ್ತಿ ನೀ.

ಅದಕ 20ಕ್ಕ ಬಾ. ಭಾವಗ ರಜಾ ಇಲ್ಲಂದ್ರ ಅವರು 24ಕ್ಕೇ ಬರ್ಲಿ, ತೆಗದ ಟಿಕೆಟ್ ಸುಮ್ನ ಹೋಗಂಗಿಲ್ಲ. ನಿನಗ ಮಕ್ಕಳಿಗಿ ತತ್ಕಾಲ್ ನೋಡು, ತಮ್ಮ ಸ್ಟೇಶನ್‌ಗೆ ಬರ್ತಾನ. ಸಾಲಿ ಅಂದೆಲ್ಲ, ಯುಕೆಜಿ ಹುಡುಗ ನಾಕ್ ದಿನ ತಪ್ಪಿಸಿದ್ರ ಐಎಎಸ್ ಏನ್ ಕೈ ಬಿಟ್ಟು ಹೋಗಂಗಿಲ್ಲವಾ.

ಇನ್ನೊಂದು ಅದ. 21ಕ್ಕ ಸಂಜಿಗಿ ಸಂಡೇ ಸ್ಕೂಲ್ ನಾಟಕದ ಪ್ರಾಕ್ಟೀಸ್ ಅದ ಮಂಗಲಪೇಟ ಚರ್ಚಿನಾಗ. ನಮ್ಮ ಹುಡುಗ, ಏಸಪ್ಪ ಹುಟ್ಟಿದಾಗ ಕಾಣಿಕಿ ತಂದ ಮೂರು ಜ್ಞಾನಿಗೋಳ ಒಳಗ ಒಬ್ಬಾಂವ. ನಿನ್ನ ದೊಡ್ಡಾಂವಗ ಜಾಗ ಅದನು ಅಂತ ಟೀಚರಿಗಿ ಕೇಳ್ದೆ. ಮೂರೂ ಭರ್ತಿ ಅಂದ್ರು. ನಾ ಅಂದೆ, ಟೀಚರ್, ಬೈಬಲ್‌ನಾಗ ಮತ್ತಾಯ 2 ತೆಗದು ನೋಡ್ರಿ, ಮೂರು ಮಂದಿ ಅಂತ ಎಲ್ಲಿ ಬರದದ? ಕಾಣಿಕಿ ಮೂರು ಅವ, ಬಂಗಾರ, ಧೂಪ, ರಕ್ತಬೋಳ. ತಂದೋರು ಎಷ್ಟು ಮಂದಿ ಅಂತ ಇಲ್ಲ. ಟೀಚರ್ ನಕ್ಕು ಆತು ಬಿಡ್ರಿ ನಾಕನೇ ಜ್ಞಾನಿ ಬರ್ಲಿ ಅಂದಾರ. ಅವನ ಕಾಣಿಕಿ ಏನಂತ ಇನ್ನಾ ಠರಾಯಿಸಿಲ್ಲ. ನನ್ನ ಮಗ ಅಂದ, ಅವಾ ಕರ್ಜಿಕಾಯಿ ತರ್ಲಿ ಅಂತ.

ಕರ್ಜಿಕಾಯಿ ಅಂದ ಕೂಡ್ಲೇ ಹೇಳ್ತೀನಿ, ಈ ಸಲ 22ಕ್ಕ ಮಾಡೋದು, ನಿನ್ನ ದೊಡ್ಡಾಂವನ ಕೈಲಿ ಮಾಡ್ಸೋದು. ಹೋದ ವರ್ಷ ನಮ್ಮ ಹುಡುಗಗ ಹೂರಣ ತುಂಬೋ ಕೆಲಸ ಕೊಟ್ಟಿದ್ದೆ, ಕೊಟ್ಟು ಕೆಟ್ಟೆ. ಒಣ ಕೊಬ್ರಿ, ಪುಠಾಣಿ ಹಿಟ್ಟು, ಗಸಗಸಿ, ಸಕ್ರಿ, ಯಾಲಕ್ಕಿ, ಎಲ್ಲಾ ಕಲಸಿ ಮುಂದ ಇಟ್ಟೆ. ಅವಾ ಒಂದೊಂದರಾಗ ಎರಡೆರಡು ಚಮಚಾ ತುರುಕ್ಯಾನ. ಎಣ್ಣ್ಯಾಗ ಬಿಟ್ಟೆ, ಟಪ್ ಅಂತ ಒಂದು ಒಡೀತು, ಅದರ ಹಿಂದ ಇನ್ನೊಂದು. ಸಕ್ರಿ ಕೊಬ್ರಿ ಎಲ್ಲಾ ಎಣ್ಣ್ಯಾಗ ಸೀದು ಕರ್ರಗ ಆತು, ಅಷ್ಟೂ ಎಣ್ಣಿ ಹಾಳು. ನಾ ಬೈದೆ. ಬೈಬಾರದಿತ್ತು, ಖರೆ, ಆದ್ರ ಎಣ್ಣಿ ರೇಟ್ ನಿನಗ ಗೊತ್ತದ. ಅವಾ ಹೋಗಿ ಅಜ್ಜಿ ಕಾಟಿನ ಕೆಳಗ ಕುಂತ. ಆಮ್ಯಾಲ ಅವ್ವ ಹೋಗಿ ಕರಕೊಂಡು ಬಂದು, ಒಲಿ ಕಡಿ ಬ್ಯಾಡಪ್ಪ ಅಂತ ದೂರ ಕುಂದ್ರಿಸಿ, ಹಾಲಿನ ಬಟ್ಟಲ ಕೈಯಾಗ ಕೊಟ್ಟಳು. ಬಟ್ಟ ಅದ್ದಿ ಅಂಚಿಗಿ ಸವರೋದು, ಮಡಚೋದು, ಒತ್ತೋದು. ಸಣ್ಣ ಹೆಬ್ಬಟ್ಟಿನ ಗುರ್ತು ಸಾಲಾಗಿ ಮೂಡಿತ್ತು ನೋಡು ಅಂಚಿನ ಮ್ಯಾಲ. ಕರದ ಮ್ಯಾಲೂ ಹೋಗಿಲ್ಲ. ಹಬ್ಬದ ದಿನ ಮನಿಗಿ ಬಂದೋರ ಮುಂದೆಲ್ಲ ಡಬ್ಬಿ ತೆಗದು, ಇದು ನಂದು, ಇದು ನಂದು, ಇದು ಅಜ್ಜಿದು ಅಂತ ಆರಿಸಿ ತೋರಿಸ್ತಿದ್ದ. ತಿನ್ನಲಿಕ್ ಮಾತ್ರ ಅಜ್ಜಿದೇ ಕೊಡ್ತಿದ್ದ, ತನ್ನದು ಇಟ್ಕೊಳಾಂವ.

23ಕ್ಕ ಬೇಕರಿ. ಹಿಟ್ಟು, ಸಕ್ರಿ, ಡಾಲ್ಡಾ ಒಯ್ದು ಕೊಟ್ಟು ಬಿಸ್ಕೀಟ್ ಮಾಡಿಸ್ಕೊಂಡು ಬರೋದು. ನಾವು ಸಣ್ಣೋರಿದ್ದಾಗ ಡಬ್ಬಿ ಹೊತ್ಕೊಂಡು ಸಾಲು ಹಚ್ಚಿ ನಿಲ್ತಿದ್ವಲ್ಲ, ಭಟ್ಟಿ ಮುಂದ ನಿಂತ್ರ ಥಂಡಿ ಗೊತ್ತಾಗ್ತಿದ್ದಿಲ್ಲ. ನಿನ್ನ ಮಕ್ಕಳು ಬಿಸ್ಕೀಟ್ ಪಾಕೀಟಿನಾಗ ಹುಟ್ತದ ಅಂತ ತಿಳಕೊಂಡಾವ, ನೋಡ್ಲಿ.

ಆಮ್ಯಾಲ ಗ್ವಾದ್ಲಿ. ಇದಕ್ಕಾದ್ರೂ ಬಾರವಾ ನೀ. ನಿಮ್ಮ ಅಪಾರ್ಟ್‌ಮೆಂಟಿನಾಗ ಪ್ಲಾಸ್ಟಿಕಿನ ಗೋದಲಿ ಸೆಟ್ ಆನ್‌ಲೈನ್ ತರಿಸೀನಿ ಅಂತ ಫೋಟೋ ಹಾಕಿದ್ದಿ. ಛಂದ ಅದ, ನಾ ಏನ್ ಅನ್ನಂಗಿಲ್ಲ. ಆದ್ರ ನಿನ್ನ ಮಗ ಹೋದ ವರ್ಷ ನನಗ ಕೇಳಿದ, ದೊಡ್ಡಮ್ಮ, ಗೋದಲಿ ಅಂದ್ರ ಏಸಪ್ಪನ ತೊಟ್ಲಾ ಅಲ್ಲ ಅಂತ. ಅವನದೇನು ತಪ್ಪು? ದನಕ್ಕ ಮೇವು ಹಾಕೋ ಜಾಗ ಅಂತ ಅವನಿಗಿ ಯಾರು ತೋರಿಸ್ಯಾರ? ನಮ್ಮ ಹುಡುಗಗೂ ಗೊತ್ತಿದ್ದಿಲ್ಲ. ಎರಡು ವರ್ಷದ ಹಿಂದ ಎಳ್ಳ ಅಮಾಸಿಗಿ ಹುಮನಾಬಾದ್ ಕಡಿ ಊರಿಗಿ ಹೋಗಿದ್ವಿ. ಬಾಜು ಹೊಲದೋರು ಚರಗಾ ಚೆಲ್ಲಿ, ಭಜ್ಜಿ ಸಜ್ಜಿ ರೊಟ್ಟಿ ಊಟಕ್ಕ ನಮಗ ಬಿಡದೇ ಕರದಿದ್ರು. ಊಟ ಆದ ಮ್ಯಾಲ ಇವಾ ಕಾಣ್ಸಲಿಲ್ಲ. ಹುಡುಕಿದ್ರ ಕೊಟ್ಟಿಗ್ಯಾಗ ಗ್ವಾದ್ಲಿ ಹಿಡಕೊಂಡು ನಿಂತಾನ. ಒಳಗ ಕಣಕಿ ಇತ್ತು. ಒಂದು ಕಡ್ಡಿ ತೆಗದು ತನ್ನ ಗಲ್ಲಕ್ಕ ಒರಸಿ ನೋಡ್ಲತ್ತಾನ. ನನ್ನ ಮಾರಿ ನೋಡಿ, ಮಮ್ಮಿ, ಏಸಪ್ಪಗ ಇದು ಚುಚ್ಚಲಿಲ್ಲೇನು ಅಂದ. ನನಗ ಏನ್ ಹೇಳ್ಬೇಕೋ ತಿಳಿಲಿಲ್ಲ. ಅಷ್ಟರಾಗ ಎತ್ತು ಮೂಗಿಲೆ ಅವನಿಗಿ ದೂಡಿ ಅಂಗಿಗೆಲ್ಲ ಜೊಲ್ಲು ಹಚ್ತು, ಚೀರ್ಕೋತ ಓಡಿದ. ಅವತ್ತಿನಿಂದ ಬೈಬಲ್‌ನಾಗ ಲೂಕ 2 ಓದ್ವಾಗ ಗೋದಲಿ ಅನ್ನೋ ಶಬ್ದ ಬಂದ್ರ ಸಾಕು, ಗಲ್ಲ ಕೆರಕೋತಾನ.

ನಾ ಇದನ್ನ ಪಾಸ್ಟರ್ ಮುಂದ ಹೇಳ್ದೆ. ಅವರಂದ್ರು, ನಿನ್ನ ಮಗ ಹೊಸಾದೇನ್ ಮಾಡಿಲ್ಲಮ್ಮ, 1223ರಾಗ ಇಟಲಿ ದೇಶದಾಗ ಗ್ರೆಚ್ಚೋ ಅನ್ನೋ ಊರಾಗ ಸಂತ ಫ್ರಾನ್ಸಿಸ್ ಇದೇ ಮಾಡಿದ್ದ, ಖರೇ ಖರೇ ಹುಲ್ಲು, ಜೀವಂತ ಎತ್ತು, ಕತ್ತೆ ತಂದು ನಿಲ್ಲಿಸಿ ಮಂದಿಗಿ ತೋರಿಸಿದ್ದ ಅಂತ. 800 ವರ್ಷ ಆತು ನೋಡು. ಅವಗ ಹುಡುಕಿ ತರಬೇಕಾಯ್ತು, ನಮಗ ಊರಾಗ ಕಟ್ಟೇ ಅದ. 21ಕ್ಕ ಮುಂಜಾನಿ ನಿನ್ನ ಮಕ್ಕಳಿಗಿ ಆ ಊರಿಗಿ ಒಯ್ತೀನಿ, ಸಂಜಿ ಪ್ರಾಕ್ಟೀಸಿಗಿ ಹೊಳ್ಳಿ ಬರ್ತೀವಿ.

ಇನ್ನ ಕ್ಯಾರಲ್ಸ್ ಮಾತು, ಮನಿಮನಿಗಿ ಬಂದು ಹಬ್ಬದ ಹಾಡು ಹಾಡೋದು. ನೀ ಅಂಜೋದು ಅದಕ್ಕೇ ಅಂತ ಗೊತ್ತದ. ಯೂತ್ ಹುಡುಗೋರು ರಾತ್ರಿ 1 ಗಂಟೆಗಿ ಡ್ರಮ್ ಬಾರಿಸ್ಕೋತ ಬಂದು, ಆ ಕೆಂಪ ಅಂಗಿ ಸಾಂತಾ ಮುತ್ಯಾ ಮಾರಿಗಿ ಮುಖವಾಡ ಹಾಕ್ಕೊಂಡು ನಿನ್ನ ಸಣ್ಣಾಕಿಗಿ ಎತ್ಕೊಳ್ಳಿಕ್ ಹೋದ್ರ ಇನ್ನೇನು ಆಗ್ತದ? ಈ ಸಲ ನಾ ಹುಡುಗೋರಿಗಿ ಹೇಳೀನಿ, ಮೊದಲ ನಮ್ಮ ಮನಿ, 7 ಗಂಟೆಗಿ ಬರ್ರಿ, ಚಾ ಕೇಕ್ ಎಲ್ಲಾ ತಯಾರ್ ಇಡ್ತೀನಿ, ಮುತ್ಯಾ ಮುಖವಾಡ ತೆಗದು ಬರ್ಬೇಕು ಅಂತ. ಒಪ್ಯಾರ. ಆ ಮುತ್ಯಾ ಖರೇ ಹಾನೇನು ಅಂತ ನಿನ್ನ ದೊಡ್ಡಾಂವ ಕೇಳಿದ್ರ ಸುಳ್ಳ ಹೇಳ್ಬ್ಯಾಡ, ಈಗಿನ ಟರ್ಕಿ ದೇಶದಾಗ ಮೈರಾ ಅಂತ ಊರಿತ್ತು, ಅಲ್ಲಿ ನಿಕೋಲಾಸ್ ಅಂತ ಬಿಷಪ್ ಇದ್ದ, ಅವನ ಹೆಸರಿಲೇ ಇದು ಬಂದದ ಅಂತ ಹೇಳು. ಇವಾ ನಮ್ಮ ಓಣ್ಯಾಗಿನ ಹುಡುಗ, ಅವನ ವೇಷ ಹಾಕ್ಯಾನ ಅಂದ್ರ ಸಾಕು. ನಮ್ಮ ಹುಡುಗಗ ಹಂಗೇ ಹೇಳೀನಿ, ಕುಣಿಯೋದು ಏನ್ ಕಮ್ಮಿ ಆಗಿಲ್ಲ.

ಮಧ್ಯರಾತ್ರಿ ಆರಾಧನಾಕ್ಕ ಭಾವ, ನಮ್ಮವರು, ಕಾಕಾ ಹೋಗ್ಲಿ. ನಾನೂ ನೀನೂ ಮಕ್ಕಳ ಬಾಜು ಮಲಗೋಣ, 25ರ ಮುಂಜಾನಿ ಆರಾಧನಾಕ್ಕ ಎಲ್ಲಾರೂ ಕೂಡಿ ಹೋಗೋಣ. ಅದೂ ಆರಾಧನಾನೇ ಹೌದಲ್ರಿ ಕಾಕಾ?

ಥಂಡಿ ಅಂತೂ ಅದ, ಇಲ್ಲಂತ ಹೆಂಗ ಅನ್ಲಿ. ರಾತ್ರಿ 10 ಡಿಗ್ರಿ ಕಡಿ ಇಳಿತದ ಒಮ್ಮೊಮ್ಮೆ. ಸ್ವೆಟರ್, ಕಿವಿ ಟೊಪ್ಪಿಗಿ, ಕಾಲಚೀಲ ತಾ, ಕೌದಿ ಇಲ್ಲಿ ಬೇಕಾದಷ್ಟು ಅವ. ಒಂದೇ ಮಾತು, ಅವ್ವ ಪ್ರೀತಿಲೆ ಶೇಗಡಿ ತುಂಬಿ ಮಲಗೋ ಕೋಣ್ಯಾಗ ಇಡ್ಲಿಕ್ ಬರ್ತಾಳ, ಇಡಗೊಡಬ್ಯಾಡ. ಕಿಡಕಿ ಬಾಗಲ ಮುಚ್ಚಿದ ಕೋಣ್ಯಾಗ ಇದ್ದಲಿಂದ ಬರೋ ವಿಷದ ಗಾಳಿಗಿ ವಾಸನಿನೂ ಇಲ್ಲ, ಬಣ್ಣನೂ ಇಲ್ಲ, ನಿದ್ದ್ಯಾಗೇ ಜೀವ ಒಯ್ತದ. ಅವ್ವಾ, ನೀನೂ ಗುಂಪಿನಾಗೇ ಇದ್ದಿ, ಕೇಳ್ಲತ್ತಿ ಅಂತ ಗೊತ್ತದ ನನಗ. ಇನ್ನ ಸಣ್ಣಾಕಿ ಎರಡು ವರ್ಷದಾಕಿ, ಶೇಂಗಾ ಇಡಿ ಕಾಳು ಯಾರೂ ಬಾಯಾಗ ಹಾಕಬ್ಯಾಡ್ರಿ, ಕಾಕಾ, ಕಿಸೆ ನಿಮ್ಮದೇ. ಮತ್ತ ಹಾಡೋ ಕಾರ್ಡು, ಮಿಣಮಿಣ ಟೊಪ್ಪಿಗಿ, ಇವುಗೋಳ ಒಳಗ ಗುಂಡನ ಸಣ್ಣ ಸೆಲ್ ಇರ್ತಾವಲ್ಲ, ಅವು ನುಂಗಿದ್ರ 2 ತಾಸಿನಾಗ ಗಂಟಲ ನಾಳ ಸುಡ್ತದ. ವಾಂತಿ ಮಾಡ್ಸೋದು ಅದೂ ಇದೂ ಬ್ಯಾಡ, ಸೀದಾ ದವಾಖಾನಿ. ಅಂಥಾ ಸಾಮಾನು ನಾ ಈ ಸಲ ತಂದೇ ಇಲ್ಲ, ನೀನೂ ತರಬ್ಯಾಡ.

ಗಿಫ್ಟು ದೊಡ್ಡದೇನೋ ಆರ್ಡರ್ ಮಾಡೀನಿ ಅಂದೆಲ್ಲ, ರಿಮೋಟ್ ಕಾರು. ತಾ, ತಾ. ಆದ್ರ ಎರಡು ತಾ, ಇಲ್ಲಂದ್ರ ಹಬ್ಬದ ದಿನ ಇವರಿಬ್ಬರ ಕುಸ್ತಿ ನಾ ಬಿಡಸಂಗಿಲ್ಲ.

ಬಾಜು ಮನಿ ಚಾಚಿ ನಿನ್ನಿನೇ ಕೇಳಿದ್ರು, ಛೋಟಿ ಬರ್ಲತ್ತಾಳೇನು ಅಂತ. ತಾಟು ಹಂಚೋ ಕೆಲಸ ಈ ಸಲ ಮಕ್ಕಳಿಗೇ. ಮ್ಯಾಲ ಅರಬಿ ಮುಚ್ಚಿ ಕೊಟ್ರ, ಚಾಚಿ ಮನಿ ಮುಟ್ಟೋದ್ರಾಗ ನಮ್ಮಾಂವ ಒಂದು ಶಂಕರಪಾಳಿ ನುಂಗಿರ್ತಾನ, ಚಾಚಿಗಿ ಗೊತ್ತದ, ಖಾಲಿ ತಾಟಿನಾಗ ಸಕ್ರಿ ಹಾಕಿ ಕಳಸ್ವಾಗ ಅವನ ಬಾಯಾಗೂ ಒಂದು ಚಿಟಿಕಿ ಹಾಕ್ತಾರ.

ಅಯ್ಯ, ಅರ್ಧ ಬುಟ್ಟಿ ಸುಲದೆ ಮಾತಾಡ್ಕೋತ. ಭಾವಗ ಕೇಳಿ ಇವತ್ತು ರಾತ್ರಿ ಒಳಗ ಹೇಳು, ತಮ್ಮ ಟಿಕೆಟ್ ನೋಡ್ತೀನಿ ಅಂದಾನ. ಮತ್ತ ಮರೀಬ್ಯಾಡ, ಕರ್ಜಿಕಾಯಿ ಕತ್ತರಿಸೋ ಹಲ್ಲಿನ ಗಾಲಿ ನಿನ್ನ ಹತ್ರಾನೇ ಅದ, ಹೋದ ವರ್ಷ ನಿನ್ನ ಚೀಲದಾಗ ಹೋಗ್ಯದ. ಅವ್ವ ಒಂದು ವರ್ಷದಿಂದ ನನಗ ಬೈಲತ್ತಾಳ.