ಪೀರ್ ಮೆಂಟರಿಂಗ್ ಫೇಲಾದವರಿಗೋ, ಕಷ್ಟದ ಪೇಪರಿಗೋ?

ಕ್ಯಾಂಪಸ್ ಕಿಟಕಿ: ಮೊದಲ ಸೆಮಿಸ್ಟರ್‌ನಲ್ಲಿ ಎರಡೋ ಮೂರೋ ವಿಷಯ ಉಳಿಸಿಕೊಂಡವರ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಒಬ್ಬ ಸೀನಿಯರ್ ಟಾಪರ್‌ನ ಜೋಡಿ ಮಾಡಿ ಓದಿಗೆ ನೆರವಾಗಿಸುವ ಪೀರ್ ಮೆಂಟರಿಂಗ್ ಯೋಚನೆ ಇದೆ. ವಾರಕ್ಕೆ ಒಂದು ಗಂಟೆ. ಎಲ್ಲಿ ಎಡವಬಹುದು, ಬಲ್ಲವರು ಹೇಳಿ.

ಸೀಮೆಸುಣ್ಣ: ಪಟ್ಟಿಯಲ್ಲೇ ಎಡವುತ್ತೀರಿ. ಹೆಸರು ಪಟ್ಟಿಗೆ ಬಿದ್ದ ಕೂಡಲೇ ಅದು ‘ದಡ್ಡರ ಕ್ಲಾಸು’. ಯಾರಿಗೆ ಬೇಕೋ ಅವರೇ ತಲೆತಪ್ಪಿಸಿಕೊಳ್ಳುತ್ತಾರೆ. 1973ರಲ್ಲಿ ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದ ಕಾನ್ಸಸ್ ಸಿಟಿ ಕ್ಯಾಂಪಸ್ಸಿನಲ್ಲಿ ಡಿಯಾನಾ ಮಾರ್ಟಿನ್ ಶುರುಮಾಡಿದ ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಪದ್ಧತಿ ವಿದ್ಯಾರ್ಥಿಯನ್ನು ಬಿಟ್ಟು ಪೇಪರನ್ನು ಹಿಡಿಯಿತು. ನೂರಕ್ಕೆ 30 ಜನ ಫೇಲಾಗುವ, ಅಂಚಿನಲ್ಲಿ ಪಾಸಾಗುವ ಅಥವಾ ನಡುವೆ ಕೈಬಿಡುವ ಪೇಪರ್ ಇದ್ದರೆ ಅದಕ್ಕೊಂದು ಗುಂಪು. ಯಾರು ಬೇಕಾದರೂ ಬರಬಹುದು. ಆ ಪೇಪರನ್ನು ಮುಂಚೆ ಚೆನ್ನಾಗಿ ಪಾಸು ಮಾಡಿದ ಸೀನಿಯರ್ ಈಗ ಮತ್ತೆ ಅದೇ ತರಗತಿಯಲ್ಲಿ ಕೂತು ನೋಟ್ಸ್ ಬರೆಯುತ್ತಾನೆ, ವಾರಕ್ಕೆ ಎರಡು ಮೂರು ಸಲ ಗುಂಪು ನಡೆಸುತ್ತಾನೆ. ಮತ್ತೆ ತರಗತಿಗೆ ಕೂರುವ ಭಾಗವನ್ನೇ ಎಲ್ಲರೂ ಮೊದಲು ಕತ್ತರಿಸೋದು. ಆಮೇಲೆ ಮೇಷ್ಟ್ರು ಒಂದು ದಾರಿ, ಮೆಂಟರ್ ಇನ್ನೊಂದು ದಾರಿ.

ಹಿಂದಿನ ಬೆಂಚು: ಸರ್, ಬಾಗಿಲು ಎಲ್ಲರಿಗೂ ತೆರೆದರೆ ಮೊದಲು ಒಳಗೆ ಬರೋರು 80 ತೆಗೆಯೋರೇ. 20 ತೆಗೆಯೋನು ಕ್ಲಾಸಿಗೇ ಬರ್ತಿಲ್ಲ, ನಿಮ್ಮ ಗುಂಪಿಗೆ ಬರ್ತಾನಾ? ಅವನನ್ನು ಹೆಸರು ಹಿಡಿದು ಕರೆಯೋ ಒಬ್ಬರು ಬೇಕು. ಆಮೇಲೆ ‘ಗುಂಪಿಗೆ ಬಂದವರ ಅಂಕ ಜಾಸ್ತಿ’ ಅಂತ ವರದಿ ಬರೀತೀರಿ. ಅವರು ಬರದೇ ಇದ್ದಿದ್ದರೂ ಜಾಸ್ತಿಯೇ ತೆಗೀತಿದ್ದರು.

ಸೀಮೆಸುಣ್ಣ: ವರದಿಯ ಮಾತು ಒಪ್ಪಿದೆ. ಬಂದವರನ್ನೂ ಬಾರದವರನ್ನೂ ಸುಮ್ಮನೆ ಹೋಲಿಸಬಾರದು. ಹಿಂದಿನ ಪರೀಕ್ಷೆಯಲ್ಲಿ ಒಂದೇ ಮಟ್ಟದಲ್ಲಿದ್ದವರನ್ನು ಎದುರುಬದುರು ಇಡಬೇಕು. ಕರೆಯುವ ವಿಷಯದಲ್ಲಿ ಮಾತ್ರ ಒಪ್ಪಲ್ಲ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಗಣಿತಜ್ಞ ಯೂರಿ ಟ್ರೈಸ್‌ಮನ್ ಕ್ಯಾಲ್ಕುಲಸ್ ಗುಂಪು ಕಟ್ಟಿದಾಗ ಅದನ್ನು ರಿಪೇರಿ ಕ್ಲಾಸು ಮಾಡಲಿಲ್ಲ. ಮಾಮೂಲಿಗಿಂತ ಕಷ್ಟದ ಲೆಕ್ಕಗಳನ್ನೇ ಕೊಟ್ಟರು. ಒಂಟಿಯಾಗಿ ಓದಿ ಸೋಲುತ್ತಿದ್ದವರು ಅಲ್ಲಿ ಕೂತು ವಾದ ಮಾಡಿದರು.

ಲಾಗ್ ಟೇಬಲ್: ಯಾರನ್ನು ಕರೀಬೇಕು ಅನ್ನೋ ಜಗಳದಲ್ಲಿ ಒಳಗೆ ಏನು ನಡೆಯಬೇಕು ಅನ್ನೋದೇ ಮರೆತುಹೋಗ್ತಿದೆ. ಕಿಟಕಿಯವರೇ, ಟಾಪರ್‌ನ ಹುಡುಕಬೇಡಿ. ಅವನಿಗೆ ಮೂರು ಹೆಜ್ಜೆ ಒಂದೇ ಹೆಜ್ಜೆಯಾಗಿ ಕಾಣುತ್ತೆ. ಅದೇ ಪೇಪರಲ್ಲಿ ಮೊದಲು ತಿಣುಕಿ ಆಮೇಲೆ ಒಳ್ಳೆ ಅಂಕ ತೆಗೆದವರು ವಾಸಿ. ಇನ್ನೊಂದು ನಿಯಮ: ಪೆನ್ನು ಜೂನಿಯರ್ ಕೈಯಲ್ಲೇ ಇರಬೇಕು.

ಉದಾಹರಣೆಗೆ, 24 ಗ್ರಾಂ ಮೆಗ್ನೀಷಿಯಂ ಪೂರ್ತಿ ಉರಿಯೋಕೆ ಎಷ್ಟು ಆಮ್ಲಜನಕ ಬೇಕು? ಜೂನಿಯರ್ 32 ಗ್ರಾಂ ಅಂತ ಬರೆದಿದ್ದಾನೆ. ಮೆಂಟರ್ ಪೆನ್ನು ಕಿತ್ಕೊಂಡು 16 ಅಂತ ತಿದ್ದಿದರೆ ಅಲ್ಲಿಗೆ ಮುಗೀತು, ನಾಳೆ ಅಲ್ಯೂಮಿನಿಯಂ ಬಂದಾಗ ಮತ್ತದೇ ತಪ್ಪು. ಬದಲಿಗೆ, ‘ಸಮೀಕರಣ ಬರಿ. ಮೆಗ್ನೀಷಿಯಂ ಮುಂದೆ 2 ಯಾಕೆ ಬಂತು?’ ಅಂತ ಕೇಳಿ ಬಾಯಿ ಮುಚ್ಕೊಂಡು ಕೂರಬೇಕು. ಎರಡು ಮೋಲ್ (ಮೋಲ್ ಅಂದರೆ ಕಣಗಳನ್ನು ಎಣಿಸುವ ಅಳತೆ; 24 ಗ್ರಾಂ ಮೆಗ್ನೀಷಿಯಂ ಒಂದು ಮೋಲ್, 32 ಗ್ರಾಂ ಆಮ್ಲಜನಕ ಒಂದು ಮೋಲ್) ಲೋಹಕ್ಕೆ ಒಂದು ಮೋಲ್ ಆಮ್ಲಜನಕ ಅಂತ ಅವನ ಬಾಯಿಂದಲೇ ಬಂದರೆ, ಒಂದು ಮೋಲ್ ಲೋಹಕ್ಕೆ ಅರ್ಧ, ಅಂದರೆ 16 ಗ್ರಾಂ ಅಂತ ಅವನೇ ತಿದ್ಕೊಳ್ತಾನೆ. ಸುಮ್ಮನೆ ಕೂರೋದೇ ಕಷ್ಟ. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡೂ ಕಾಯಲ್ಲ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅಳೆದು ತೋರಿಸಿದ್ದಾರೆ. ಮೂರು ಸೆಕೆಂಡ್ ಕಾದರೆ ಉತ್ತರಗಳೂ ಉದ್ದವಾದವು, ಮಾತಾಡೋರೂ ಹೆಚ್ಚಾದರು.

ಕ್ಯಾಂಪಸ್ ಕಿಟಕಿ: ಹಾಗಾದರೆ ಗುಂಪು ಎಷ್ಟು ಜನರದ್ದು? ತರಬೇತಿ?

ಲಾಗ್ ಟೇಬಲ್: ಆರರಿಂದ ಎಂಟು. ಹತ್ತು ದಾಟಿದರೆ ಇಬ್ಬರು ಮಾತಾಡ್ತಾರೆ, ಉಳಿದವರು ಕಾಪಿ ಮಾಡ್ಕೊಳ್ತಾರೆ. ತರಬೇತಿಗೆ ಎರಡು ದಿನ ಸಾಕು, ಆದರೆ ಅರ್ಧ ಸಮಯ ಭಾಷಣ ಬೇಡ, ಅಭಿನಯ ಮಾಡಿಸಿ: ಒಬ್ಬ ಮೊಂಡು ಜೂನಿಯರ್, ಒಬ್ಬ ಮೆಂಟರ್, ಮೆಂಟರ್ ಎಷ್ಟು ಸಲ ಉತ್ತರ ಬಾಯಿಬಿಟ್ಟ ಅಂತ ಮೂರನೆಯವನು ಗೀಟು ಹಾಕ್ತಾ ಇರಲಿ.

ಹೊಂಗೆ ನೆರಳು: ಆಪ್ತಸಮಾಲೋಚನೆ ಕಡೆಯಿಂದ ಒಂದು ಮಾತು. ಅಂಕ ಬಿದ್ದಿರೋದಕ್ಕೆ ಕಾರಣ ಯಾವಾಗಲೂ ಪಾಠ ಅಲ್ಲ. ಫೀಸು, ಮನೆ, ನಿದ್ದೆ, ಖಿನ್ನತೆ, ಏನು ಬೇಕಾದರೂ ಇರಬಹುದು. ಮೆಂಟರ್ ಕೇಳಿಸಿಕೊಳ್ಳಲಿ, ಚಿಕಿತ್ಸೆಗೆ ಇಳಿಯೋದು ಬೇಡ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಲೇಬಾರದು. ‘ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಹೇಳ್ತೀನಿ’ ಅಂತ ಮೊದಲ ದಿನವೇ ತಿಳಿಸಿರಬೇಕು. ಸಾಯುವ ಮಾತು ಬಂದರೆ ಅವರನ್ನು ಒಂಟಿ ಬಿಡದೆ ಆ ಕ್ಷಣವೇ ಸಮಾಲೋಚಕರಿಗೆ ಫೋನ್ ಮಾಡಬೇಕು. ಆ ನಂಬರ್ ಪ್ರತಿ ಮೆಂಟರ್ ಫೋನಿನಲ್ಲೂ ಇರಲಿ.

ಹಿಂದಿನ ಬೆಂಚು: ಇದಕ್ಕೇ ನಾನು ಹೇಳಿದ್ದು, ಹೆಸರು ಹಿಡಿದು ಕರೆಯೋ ಒಬ್ಬರು ಬೇಕು ಅಂತ. ಗುಂಪು ಇಟ್ಕೊಳ್ಳಿ, ಬೇಡ ಅನ್ನಲ್ಲ. ಆದರೆ ಎರಡು ವಾರ ಕ್ಲಾಸಲ್ಲಿ ಕಾಣದವನಿಗೆ ಸಾಮೂಹಿಕ ಮೆಸೇಜ್ ಹಾಕಿದರೆ ಅದು ಹತ್ತರಲ್ಲಿ ಹನ್ನೊಂದು. ‘ಮಂಗಳವಾರ ನಾಲ್ಕಕ್ಕೆ ಲೈಬ್ರರಿ ಹತ್ರ ಇರ್ತೀನಿ, ನಿನ್ನ ಟೆಸ್ಟ್ ಪೇಪರ್ ತಗೊಂಡು ಬಾ’ ಅಂತ ಒಬ್ಬನೇ ಒಬ್ಬನಿಗೆ ಬರೀಬೇಕು.

ಸೀಮೆಸುಣ್ಣ: ಅದನ್ನು ಮೊದಲ ಟೆಸ್ಟ್ ಆದ ವಾರವೇ ಮಾಡಿದರೆ ನನ್ನ ತಕರಾರಿಲ್ಲ. ಸೆಮಿಸ್ಟರ್ ಫಲಿತಾಂಶ ಬಂದಮೇಲಲ್ಲ. ಪಟ್ಟಿ ಮಾತ್ರ ನೋಟಿಸ್ ಬೋರ್ಡಿಗೆ ಹತ್ತಬಾರದು.

ಲಾಗ್ ಟೇಬಲ್: ಇನ್ನೊಂದು, ವೇಳಾಪಟ್ಟಿ ಹಾಕುವಾಗಲೇ ನೋಡ್ಕೊಳ್ಳಿ. ಸೆಮಿಸ್ಟರ್ ಕೊನೆಗೆ ಮೆಂಟರ್‌ಗೂ ಪರೀಕ್ಷೆ, ಜೂನಿಯರ್‌ಗೂ ಪರೀಕ್ಷೆ. ಅತಿ ಬೇಕಾದ ವಾರದಲ್ಲೇ ಮೆಂಟರ್ ನಾಪತ್ತೆ. ಗುಂಪಿಗೆ ಇಬ್ಬರನ್ನು ಹಾಕಿ, ಕೊನೆಯ ಎರಡು ವಾರ ಒಬ್ಬೊಬ್ಬರು ಒಂದೊಂದು ವಾರ ಹಂಚಿಕೊಳ್ಳಲಿ. ಸಂಬಳ ಅಥವಾ ಕ್ರೆಡಿಟ್ ಎರಡರಲ್ಲಿ ಒಂದಾದರೂ ಕೊಡಿ. ಬರೀ ಪ್ರಮಾಣಪತ್ರಕ್ಕೆ ಯಾರೂ ಎರಡನೇ ಸೆಮಿಸ್ಟರ್ ನಿಲ್ಲಲ್ಲ.