ಸ್ಪ್ರಿಂಟರ್‌ನ ಮುಂದೆ ಗಾಳಿ ಸೀಳುವ ಸವಾರನಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ಸೈಕಲ್ ಸವಾರ ಆರ್ನೋ ಡೆಮಾರ್ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಬರಹ ಅರ್ಧಕ್ಕೆ ನಿಂತಿದೆ.

2025ರಲ್ಲಿ ನಿವೃತ್ತರಾದ ಡೆಮಾರ್ ಸ್ಪ್ರಿಂಟರ್ ಆಗಿದ್ದರು. ದಿನವಿಡೀ ಹಿಂಡಿನೊಳಗೇ ಸಾಗಿ, ಕೊನೆಯ ಇನ್ನೂರು ಮೀಟರಿಗೆ ಕಾಲಿನ ಕಸುವನ್ನೆಲ್ಲ ಉಳಿಸಿಕೊಳ್ಳುತ್ತಿದ್ದವರು. 2016ರಲ್ಲಿ ಇಟಲಿಯ ಒಂದು ದಿನದ ರೇಸ್ ಮಿಲಾನ್–ಸಾನ್ ರೆಮೊ ಗೆದ್ದರು. 1995ರ ಲೊರಾಂ ಜಲಾಬೇರ್ ನಂತರ ಅದನ್ನು ಗೆದ್ದ ಮೊದಲ ಫ್ರೆಂಚ್ ಸವಾರ ಅವರೇ. 'ವೇಗದ ಓಟಗಾರ' ಅಂತ ಬರೆದರೆ ಕಣ್ಣ ಮುಂದೆ ಕಾಲಲ್ಲಿ ಓಡುವವನು ಬರುತ್ತಾನೆ, ಅಲ್ವಾ? ಅದಕ್ಕೇ 'ಸ್ಪ್ರಿಂಟರ್' ಅಂತಲೇ ಇಟ್ಟುಕೊಂಡೆ. ಒಟ್ಟಾಗಿ ಸಾಗುವ ಸವಾರರ ದೊಡ್ಡ ಗುಂಪು, ಅಂದರೆ 'ಪೆಲೊಟಾನ್'ಗೆ 'ಹಿಂಡು' ಸಾಕು ಅನ್ನಿಸಿತು. ಫ್ರೆಂಚಿನಲ್ಲಿ ಅದರ ಹಳೆಯ ಅರ್ಥ ಸಣ್ಣ ಉಂಡೆ, ನೂಲಿನ ಉಂಡೆಯ ಹಾಗೆ. ಎನ್‌ಸಿಸಿಯಲ್ಲಿದ್ದವರು ಬಲ್ಲ 'ಪ್ಲಟೂನ್' ಕೂಡ ಅದರಿಂದಲೇ ಬಂದದ್ದು.

ತೊಡಕು ಇರುವುದು ಇನ್ನೊಬ್ಬ ಸವಾರನ ವಿಷಯದಲ್ಲಿ. ಇಟಲಿಯಲ್ಲಿ ಮೂರು ವಾರ ನಡೆಯುವ, ದಿನಕ್ಕೊಂದು ಹಂತದ ರೇಸ್ ಜಿರೋ ದಿ'ಇಟಾಲಿಯಾದಲ್ಲಿ 2020ರಲ್ಲಿ ಡೆಮಾರ್ ನಾಲ್ಕು ಹಂತ ಗೆದ್ದರು. ಅದರಲ್ಲಿ ಜಾಕೊಪೊ ಗ್ವಾರ್ನಿಯೇರಿ ಎಂಬ ಇಟಲಿಯ ಸವಾರರ ಪಾಲು ದೊಡ್ಡದು. ಕೊನೆಯ ಕಿಲೋಮೀಟರುಗಳಲ್ಲಿ ತಂಡದವರು ಒಬ್ಬರ ಹಿಂದೊಬ್ಬರು ಸಾಲು ಕಟ್ಟುತ್ತಾರೆ. ಮುಂದಿನವನು ದಣಿದ ಹಾಗೆ ಪಕ್ಕಕ್ಕೆ ಸರಿಯುತ್ತಾನೆ. ಕೊನೆಗೆ ಸ್ಪ್ರಿಂಟರ್ ಮುಂದೆ ಒಬ್ಬನೇ ಉಳಿಯುತ್ತಾನೆ. ಗಂಟೆಗೆ 60 ಕಿ.ಮೀ. ದಾಟಿದ ವೇಗದಲ್ಲಿ ಗಾಳಿಯೆಲ್ಲ ಅವನ ಎದೆಗೇ ಬಡಿಯುತ್ತದೆ. ಸ್ಪ್ರಿಂಟರ್‌ನ ಮುಂದಿನ ಚಕ್ರ ಅವನ ಹಿಂದಿನ ಚಕ್ರಕ್ಕೆ ಗೇಣಷ್ಟು ದೂರದಲ್ಲಿ. ಗೆರೆ ಹತ್ತಿರ ಬಂತು ಅನ್ನುವಾಗ ಅವನು ದಾರಿ ಬಿಡುತ್ತಾನೆ, ಅವನ ಕೆಲಸ ಮುಗಿಯಿತು. ಆ ವರ್ಷದ ಜಿರೋದಲ್ಲಿ, ಸಿಸಿಲಿಯ ವಿಲ್ಲಾಫ್ರಾಂಕಾ ತಿರ್ರೇನಾದಲ್ಲಿ ಡೆಮಾರ್ ಸ್ಲೊವಾಕಿಯಾದ ಸವಾರ ಪೀಟರ್ ಸಾಗನ್‌ರನ್ನು ಸೋಲಿಸಿದ್ದು ಕೂದಲೆಳೆಯಲ್ಲಿ, ಫೋಟೊ ನೋಡಿ ತೀರ್ಪು ಕೊಟ್ಟರು. ಅಷ್ಟು ಸಣ್ಣ ಅಂತರದ ಆಟದಲ್ಲಿ ಮುಂದಿನವನು ಒಂದು ಕ್ಷಣ ಬೇಗ ಸರಿದಿದ್ದರೂ ಕತೆಯೇ ಬೇರೆ.

ಇವನಿಗೆ ಫ್ರೆಂಚರು 'ಪ್ವಾಸೋ ಪಿಲೋತ್' ಅನ್ನುತ್ತಾರೆ. ಶಾರ್ಕ್ ಜೊತೆ ಈಜುವ ಸಣ್ಣ ಮೀನಿನ ಹೆಸರು ಅದು. ನನಗೆ ತುಂಬಾ ಇಷ್ಟವಾದ ಪದ. ಆದರೆ ಸುಮ್ನೆ 'ಪೈಲಟ್ ಮೀನು' ಅಂತ ಬರೆದರೆ ನಮ್ಮವರಿಗೆ ವಿಮಾನ ನೆನಪಾಗುತ್ತದೆ.

ನಾನು ಯೋಚಿಸಿದ್ದು 'ಮರೆ'. ಮಳೆಗೆ ಮರೆ, ಗಾಳಿಗೆ ಮರೆ ಅನ್ನುತ್ತೇವಲ್ಲ, ಅದು. ದೀಪ ಆರದಂತೆ ಅಂಗೈ ಮರೆ ಹಿಡಿಯುತ್ತೇವಲ್ಲ, ಈ ಸವಾರ ಬೆನ್ನಿನಲ್ಲಿ ಮಾಡುವುದೂ ಅದೇ. ಆದರೆ 'ಮರೆಗಾರ' ಅಂದರೆ 'ಮರೆಗುಳಿ'ಯ ಹಾಗೆ ಕೇಳುತ್ತದೆ. 'ಗಾಳಿಮರೆ ಸವಾರ' ಅಂದರೆ ಆ ಗೊಂದಲವಿಲ್ಲ. 'ದಡ ಮುಟ್ಟಿಸುವವನು' ಅಂತಲೂ ಬರೆದು ನೋಡಿದೆ. ಅರ್ಥ ಚೆನ್ನಾಗಿದೆ, ಆದರೆ ಪ್ರತಿ ಸಾಲಿನಲ್ಲೂ ಬಳಸಲು ಉದ್ದ ಜಾಸ್ತಿ. ಅದೂ ಅಲ್ಲದೆ ಅವನು ದಡದವರೆಗೆ ಬರುವುದೇ ಇಲ್ಲ, ಮೊದಲೇ ಬಿಟ್ಟುಕೊಡುತ್ತಾನೆ.

ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸ್ ಮಾಡುವವರು ತುಂಬಾ ಇದ್ದಾರೆ. ಅಲ್ಲಿನ ಹುಡುಗರು ಮುಂದಿನವನ ಮರೆಯಲ್ಲಿ ಹೋಗುವುದಕ್ಕೆ, ಮರೆ ಕೊಡುವವನಿಗೆ ಏನನ್ನುತ್ತಾರೆ? ಆ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಬಳಕೆಯಲ್ಲೇ ಒಂದು ಪದ ಇದ್ದರೆ ನನ್ನದನ್ನು ಖುಷಿಯಿಂದ ಬಿಡುತ್ತೇನೆ.

ಇಲ್ಲದಿದ್ದರೆ ಈ ಸಾಲು ಓದಿ ಹೇಳಿ: 'ಕೊನೆಯ ತಿರುವಿನ ತನಕ ಗ್ವಾರ್ನಿಯೇರಿ ಡೆಮಾರ್‌ಗೆ ಗಾಳಿಮರೆ ಹಿಡಿದರು.' ಕಿವಿಗೆ ಸರಿಯಾಗಿದೆಯೇ?